ಲೋಯಿಸ್ ಮೇಡಂ ಹೇಳಿಕೊಟ್ಟ ವಾದ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಕಮಿಟಿಯ ಅಧ್ಯಕ್ಷ ಡ್ವೇನ್ ಪೋಸ್ಟ್ಮಾ ಫೋನ್ ಮಾಡಿದಾಗ ಲೋಯಿಸ್ ಟೆನ್ ಹಾಕನ್ ಒಲೆಯ ಮುಂದೆ ನಿಂತು ಓಟ್ಸ್ ಗಂಜಿ ಕಲಕುತ್ತಿದ್ದರು.

"ಮೇಡಂ, ಶುಕ್ರವಾರದಿಂದ ನಾವು ಐದೂ ಜನ ಅದೇ ಮಾತಾಡ್ತಾ ಇದೀವಿ. ಆ ಹುಡುಗಿ ಹೇಳಿದ್ದು ಸರಿ ಅನ್ನಿಸ್ತು. ಗುರುವಾರ ಸಂಜೆ ಕಮಿಟಿ ಕರ್ದಿದೀನಿ. ಲ್ಯಾಟಿನ್ ನಿಲ್ಲಿಸಿಬಿಡೋ ವಿಷಯ."

ಕಲಕುವ ಕೈ ನಿಂತಿತು. "ಯಾವ ಹುಡುಗಿ?" ಎಂದರು, ಗೊತ್ತಿದ್ದೂ.

"ಆನಿಕಾ ರೂಲಾಫ್ಸ್. ಏನ್ ಮಾತಾಡಿದ್ಲು ಮೇಡಂ! ನನ್ನ ಹೆಂಡ್ತಿ ಮನೆಗೆ ಬರೋವಾಗ ಕಾರಲ್ಲಿ ಅತ್ತೇಬಿಟ್ಲು."

"ಡ್ವೇನ್, ವಾದದಲ್ಲಿ ಅವಳಿಗೆ ಆ ಪಕ್ಷ ಬಂದಿದ್ದು ಚೀಟಿ ಎತ್ತಿ! ಕಾಫಿ ಡಬ್ಬಿಯಿಂದ ಚೀಟಿ! ಅದು ಅವಳ ಅಭಿಪ್ರಾಯ ಅಲ್ಲ ಕಣಪ್ಪಾ."

"ಎಲ್ಲಿಂದ ಬಂದ್ರೇನು ಮೇಡಂ, ನಮ್ಮ ತಲೆಗೆ ಹೋಯ್ತಲ್ಲ."

"ನಿನ್ನ ತಲೆಗೆ ಒಂದು ಮಾತು ಹೋಗೋಕೆ ಮೂವತ್ತು ವರ್ಷ ಬೇಕಾಯ್ತಾ? ನಾನು ನಾಲ್ಕು ವರ್ಷ ಕೂಗಿ ಕೂಗಿ ಹೇಳಿದಾಗ ಏನೂ ಹೋಗ್ಲಿಲ್ಲವಲ್ಲ!"

ಡ್ವೇನ್ ನಕ್ಕು ಫೋನ್ ಇಟ್ಟ. ಗಂಜಿ ತಳ ಹಿಡಿದಿತ್ತು. ಮೇಜಿನ ಹತ್ತಿರ ಕೂತಿದ್ದ ಗಂಡ ಮರ್ಲ್, ಬಿತ್ತನೆಗೆ ನೆಲ ಹದವಾಗಿದೆಯೋ ಇಲ್ಲವೋ ಎಂದು ಕಿಟಕಿಯಾಚೆ ನೋಡುತ್ತ, "ಸುಟ್ಟ ವಾಸನೆ ಬರ್ತಾ ಇದೆ," ಎಂದ.

"ಗೊತ್ತು!" ಎಂದರು ಲೋಯಿಸ್.

ಅಯೋವಾದ ವಾಯವ್ಯ ಮೂಲೆಯ ಡೋರ್ನ್ ಸೆಂಟರ್ ಎಂಬ ಆ ಊರಿನಲ್ಲಿ ಲೋಯಿಸ್ ಎಂದರೆ ಲ್ಯಾಟಿನ್, ಲ್ಯಾಟಿನ್ ಎಂದರೆ ಲೋಯಿಸ್. ಹಂದಿ ಸಾಕುವ ಮನೆಯ ಏಳು ಮಕ್ಕಳಲ್ಲಿ ಆರನೆಯವರಾಗಿ ಹುಟ್ಟಿ, ಆ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಏನು ಓದುತ್ತೀಯ ಎಂದು ಅಪ್ಪ ಕೇಳಿದಾಗ ಲ್ಯಾಟಿನ್ ಎಂದಿದ್ದರು. ಅಪ್ಪ ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟು, "ಸತ್ತ ಭಾಷೆ ಕಲ್ತು ಯಾರ ಹತ್ರ ಮಾತಾಡ್ತೀಯ ಮಗಳೇ?" ಎಂದಿದ್ದ. ಉತ್ತರ ಆಗ ಹೊಳೆಯಲಿಲ್ಲ. ಆಮೇಲೂ ಬಹಳ ಕಾಲ ಹೊಳೆಯಲಿಲ್ಲ. ಇಷ್ಟವಾಗಿತ್ತು, ಓದಿದರು, ಅಷ್ಟೆ.

ಊರಿನ ಸರಕಾರಿ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಕಲಿಸಿದರು. ಟ್ರ್ಯಾಕ್ಟರ್ ಮಾರುವ ಡ್ವೇನ್ ಪೋಸ್ಟ್ಮಾ ಅಲ್ಲಿ ಅವರ ಕೈಕೆಳಗೆ ಕಲಿತು, ಅಂದರೆ ಕಲಿಯದೆ, ಹೇಗೋ ಪಾಸಾದವನು. ಎಂಬತ್ತೊಂಬತ್ತರಲ್ಲಿ ಮಕ್ಕಳು ಕಡಿಮೆ ಎಂದು ಲ್ಯಾಟಿನ್ ನಿಲ್ಲಿಸಿದರು. ಲೋಯಿಸ್ ಒಂಬತ್ತು ವರ್ಷ ಜೋಳದ ಬೀಜದ ಕಂಪನಿಯ ಆಫೀಸಿನಲ್ಲಿ ಚೀಲಗಳಿಗೆ ಲೇಬಲ್ ಟೈಪು ಮಾಡಿದರು.

ತೊಂಬತ್ತೆಂಟರಲ್ಲಿ ಏಳು ಕುಟುಂಬಗಳು ಸೇರಿ ಪಾಪ್ಲರ್ ಬೀದಿಯ ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಶಾಲೆ ಶುರುಮಾಡಿದವು. ಪಾಸ್ಟರ್ ಗೆರಿಟ್ ಬೂಮ್ಸ್ಮಾ ಲೋಯಿಸರ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಎರಡು ಗಂಟೆ ಮಾತಾಡಿದರು. ಇದು ಹೊಸ ಶಾಲೆಯಲ್ಲ, ಮರೆತ ಶಾಲೆ ಎಂದರು. ಮಠಗಳಲ್ಲಿ ಸನ್ಯಾಸಿಗಳು ಕಲಿಸಿದ್ದು ಹೀಗೆ, ದೊಡ್ಡ ಚರ್ಚುಗಳ ನೆರಳಿನಲ್ಲಿ ಮಕ್ಕಳು ಕಲಿತದ್ದು ಹೀಗೆ, ಈ ದೇಶದ ಮೊದಮೊದಲ ಕಾಲೇಜುಗಳು ನಡೆದದ್ದೂ ಹೀಗೆ. ಚಿಕ್ಕ ಮಕ್ಕಳಿಗೆ ಕಂಠಪಾಠ, ಯಾಕೆಂದರೆ ಆ ವಯಸ್ಸಿಗೆ ಹಾಡೆಂದರೆ ಇಷ್ಟ. ಹನ್ನೆರಡು ಹದಿಮೂರಕ್ಕೆ ತರ್ಕ, ಯಾಕೆಂದರೆ ಆ ವಯಸ್ಸಿಗೆ ಎದುರು ವಾದಿಸುವುದೆಂದರೆ ಇಷ್ಟ. ಆಮೇಲೆ ಚೆನ್ನಾಗಿ ಮಾತಾಡುವ ಕಲೆ. ಇವೆಲ್ಲಕ್ಕೂ ಕೆಳಗಿನ ಅಸ್ತಿಭಾರ ಲ್ಯಾಟಿನ್.

"ಕಡೆಗೆ ಇದರಿಂದ ಏನಾಗ್ಬೇಕು ಪಾಸ್ಟರ್?" ಎಂದು ಲೋಯಿಸ್ ಕೇಳಿದರು.

"ಮಗು ಸತ್ಯವನ್ನ ನೋಡಿದ್ರೆ ಗುರ್ತು ಹಿಡೀಬೇಕು. ಗುರ್ತು ಹಿಡಿದ ಮೇಲೆ ಅದಕ್ಕೆ ತಲೆಬಾಗ್ಬೇಕು. ತನಗೆ ನಷ್ಟ ಆದ್ರೂ."

ಲೋಯಿಸ್ ಮಾರನೆಯ ದಿನವೇ ಬೀಜದ ಕಂಪನಿಗೆ ರಾಜೀನಾಮೆ ಕೊಟ್ಟರು. ಹದಿನಾಲ್ಕು ವರ್ಷವಾಯಿತು. ಈಗ ನೂರಾ ಹತ್ತು ಮಕ್ಕಳು. ಮೂರನೆಯ ತರಗತಿಯ ಪುಟಾಣಿಗಳು ಬೆಳಿಗ್ಗೆ ಚಪ್ಪಾಳೆ ತಟ್ಟಿ ಲ್ಯಾಟಿನ್ ಪದಗಳನ್ನು ಹಾಡುವುದು ಮೇಲಿನ ಚರ್ಚಿನವರೆಗೂ ಕೇಳುತ್ತದೆ.

ವಾದದ ಸಂಜೆಯನ್ನು ಶುರುಮಾಡಿದವರೂ ಲೋಯಿಸರೇ. ಪ್ರತಿ ಏಪ್ರಿಲಿನಲ್ಲಿ ಎಂಟನೆಯ ತರಗತಿಯವರು ಹೆತ್ತವರ ಮುಂದೆ ಒಂದು ವಿಷಯದ ಮೇಲೆ ವಾದಿಸಬೇಕು. ಯಾರು ಯಾವ ಪಕ್ಷ ಎಂಬುದನ್ನು ಚೀಟಿ ಎತ್ತಿ ತೀರ್ಮಾನ ಮಾಡುವುದು, ಏಕೆಂದರೆ ತಾನು ನಂಬದ್ದನ್ನೂ ಒಳಗಿನಿಂದ ತಿಳಿಯದವನಿಗೆ ತಾನು ನಂಬಿದ್ದೂ ತಿಳಿದಿರುವುದಿಲ್ಲ ಎಂಬುದು ಲೋಯಿಸರ ಗಟ್ಟಿ ನಂಬಿಕೆ. ಮೊದಲು ಎಲ್ಲರೂ ಮನೆಯಿಂದ ತಂದದ್ದನ್ನು ಹಂಚಿಕೊಂಡು ಊಟ: ಹಂದಿಮಾಂಸದ ಹ್ಯಾಮ್ ಇಟ್ಟ ಬನ್ನು, ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ. ಆಮೇಲೆ ವಾದ. ಕೊನೆಗೆ ಹೆತ್ತವರು ಕೈ ಎತ್ತಿ ಯಾರು ಚೆನ್ನಾಗಿ ವಾದಿಸಿದರು ಎಂದು ಹೇಳಬೇಕು. ಯಾರು ಹೇಳಿದ್ದು ಸರಿ ಎಂದಲ್ಲ. ಇದನ್ನು ಲೋಯಿಸ್ ಪ್ರತಿ ವರ್ಷ ಎರಡೆರಡು ಸಲ ಹೇಳುತ್ತಿದ್ದರು.

ಈ ವರ್ಷದ ವಿಷಯವನ್ನು ಆರಿಸಿದ್ದೂ ಅವರೇ: ನಮ್ಮ ಶಾಲೆ ಲ್ಯಾಟಿನ್ ಕಲಿಸುವುದನ್ನು ಬಿಡಬೇಕು. ಮಕ್ಕಳು ಲ್ಯಾಟಿನ್ನಿನ ಪರವಾಗಿ ಸೊಗಸಾಗಿ ಮಾತಾಡುತ್ತಾರೆ, ಹೆತ್ತವರು ಕಣ್ತುಂಬ ನೋಡುತ್ತಾರೆ ಎಂದುಕೊಂಡಿದ್ದರು. ಚೀಟಿ ಎತ್ತಿದಾಗ ಲ್ಯಾಟಿನ್ ಇರಲಿ ಎಂಬ ಪಕ್ಷ ಬಂದದ್ದು ಕೇಲಬ್ ಎಂಬ ಸಾಧು ಹುಡುಗನಿಗೆ. ಬೇಡ ಎಂಬ ಪಕ್ಷ ಬಂದದ್ದು ಆನಿಕಾಗೆ. ಶಾಲೆ ಹುಟ್ಟಿದಂದಿನಿಂದ ಅಂಥ ನಾಲಿಗೆಯ ಮಗು ಬಂದಿರಲಿಲ್ಲ. ಚೀಟಿ ನೋಡಿ ಆನಿಕಾ ಅತ್ತಳು.

"ಮೇಡಂ, ನಂಗೆ ಲ್ಯಾಟಿನ್ ಇಷ್ಟ. ಬೇರೆ ಚೀಟಿ ಎತ್ಲಾ?"

"ಇಲ್ಲ. ಬಂದದ್ದು ಬಂತು. ಬರ್ಕೊಂಡು ಬಾ."

ಬರೆದುಕೊಂಡು ಬಂದಳು. ಲೋಯಿಸ್ ಓದಿ, "ಇದು ವಾದ ಅಲ್ಲ, ನೆನೆದ ಬ್ರೆಡ್ಡು. ಇನ್ನೊಂದ್ಸಲ," ಎಂದರು. ಹೀಗೆ ನಾಲ್ಕು ಸಲ ಬರೆಸಿದರು. ಮೂರನೆಯ ಸಲ, ನ್ಯಾಯ ನ್ಯಾಯವೇ ಎಂದುಕೊಂಡು, ತಮ್ಮ ಬತ್ತಳಿಕೆಯಿಂದ ಒಂದು ಬಾಣವನ್ನೂ ತೆಗೆದು ಕೊಟ್ಟರು. ಬೈಬಲಿನಲ್ಲಿ ಈಜಿಪ್ಟಿನಿಂದ ಹೊರಟ ದೇವಜನರು ಅಲ್ಲಿಯವರ ಚಿನ್ನವನ್ನು ತಂದ ಹಾಗೆ ನಾವು ಗ್ರೀಕರ, ರೋಮನರ ವಿದ್ಯೆಯನ್ನು ತಂದುಕೊಳ್ಳಬಹುದು ಎಂಬುದು ಸಾವಿರದ ಆರುನೂರು ವರ್ಷಗಳ ಹಳೆಯ ಮಾತು. ಶಾಲೆಯ ಪರಿಚಯಪತ್ರದಲ್ಲೂ ಅಚ್ಚಾಗಿದೆ. "ಆ ಚಿನ್ನದಿಂದಲೇ ಅಲ್ವಾ ಅವರು ಆಮೇಲೆ ಕರು ಮಾಡಿ ಪೂಜೆ ಮಾಡಿದ್ದು? ಅದನ್ನ ಕೇಳು," ಎಂದರು ಲೋಯಿಸ್. ಆನಿಕಾಳ ಕಣ್ಣು ಅರಳಿತು.

ಶುಕ್ರವಾರ ಸಂಜೆ ಕೇಲಬ್ ಎದ್ದು, ಲ್ಯಾಟಿನ್ ಕಲಿತರೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬರುತ್ತದೆ ಎಂದ. ಆನಿಕಾ ಎದ್ದು, ಅಂಕಕ್ಕಾಗಿ ಕಲಿಯುವುದಾದರೆ ಈ ಶಾಲೆ ಯಾಕೆ ಎಂದಳು. ಕೇಲಬ್ ಕೂತ. ಅವಳು ಚಿನ್ನದ ಕರುವಿನ ಮಾತು ಹೇಳಿದಾಗ ಸಭೆಯಲ್ಲಿ ಒಂದು ಉಸಿರು ಎದ್ದಿತು. ಆಮೇಲೆ ಧ್ವನಿ ತಗ್ಗಿಸಿ ಊರಿನ ಮಾಂಸದ ಕಾರ್ಖಾನೆಯ ಮಾತು ತೆಗೆದಳು. ಊರಿನ ಕಾಲುಭಾಗ ಜನ ಈಗ ಅಲ್ಲಿ ಕೆಲಸಕ್ಕೆ ಬಂದ, ಸ್ಪ್ಯಾನಿಷ್ ಆಡುವವರು. ಅವರು ಕತ್ತರಿಸಿ ಕೊಟ್ಟ ಮಾಂಸವನ್ನು ನಾವು ಈಗಷ್ಟೇ ತಿಂದೆವು. ನಮ್ಮ ನೆರೆಯವರು ಯಾರು ಎಂದು ಪ್ರತಿ ಭಾನುವಾರ ಚರ್ಚಿನಲ್ಲಿ ಕೇಳುತ್ತೇವೆ. ಸತ್ತುಹೋದ ರೋಮನರಿಗೆ ನಮಸ್ಕಾರ ಹೇಳಲು ನನಗೆ ಬರುತ್ತದೆ, ಪಕ್ಕದ ಮನೆಯ ಅಮ್ಮನಿಗೆ ಹೇಳಲು ಬರುವುದಿಲ್ಲ.

ಆನಿಕಾ ಪರವಾಗಿ ಎದ್ದ ಕೈ ಅರವತ್ತೆರಡು, ಕೇಲಬನಿಗೆ ನಾಲ್ಕು. ಲೋಯಿಸ್ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಸೋಮವಾರ ಅದನ್ನು ನೆನೆದು ತಮ್ಮ ಎರಡೂ ಕೈಗಳ ಮೇಲೆ ಅವರಿಗೆ ಸಿಟ್ಟು ಬಂತು.

ಮೊದಲು ಪಾಸ್ಟರ್ ಗೆರಿಟರ ಹತ್ತಿರ ಹೋದರು. ಶಾಲೆಯ ಮುಖ್ಯಸ್ಥರೂ ಅವರೇ. ಅವರು ಕನ್ನಡಕ ಒರೆಸುತ್ತ, "ನನಗೆ ಮತ ಇಲ್ಲ ಲೋಯಿಸ್. ಆದರೆ ಅವಳು ಹೇಳಿದ ಆ ನೆರೆಯವರ ಮಾತು... ನಾನೂ ಶನಿವಾರ ಪೂರ್ತಿ ಅದನ್ನೇ ಯೋಚಿಸ್ತಿದ್ದೆ," ಎಂದರು.

"ನೀವೂನಾ?"

"ಚೆನ್ನಾಗಿ ತಯಾರಿ ಮಾಡ್ಸಿದ್ರಿ ನೀವು."

"ಹೊಗಳ್ಬೇಡಿ ಪಾಸ್ಟರ್. ಮೈಯೆಲ್ಲ ಉರೀತಾ ಇದೆ."

ಮಧ್ಯಾಹ್ನ ಪಾಠ ಮುಗಿದ ಮೇಲೆ ಆನಿಕಾಳನ್ನು ನಿಲ್ಲಿಸಿಕೊಂಡರು.

"ಗುರುವಾರ ಕಮಿಟಿಗೆ ಬಂದು, ಅದು ನನ್ನ ಅಭಿಪ್ರಾಯ ಅಲ್ಲ, ಚೀಟಿಯಲ್ಲಿ ಬಂದಿದ್ದು ಅಂತ ಒಂದು ಮಾತು ಹೇಳ್ಬಿಡು."

ಆನಿಕಾ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಗಲ್ಲ ಮೇಡಂ."

"ಯಾಕಾಗಲ್ಲ?"

"ಸುಳ್ಳಾಗತ್ತೆ."

"ಚೀಟಿ ಎತ್ತಿದಾಗ ಗಳಗಳ ಅಳ್ತಾ ಇದ್ಯಲ್ಲೇ!"

"ಆವಾಗ ನಂಬಿರ್ಲಿಲ್ಲ. ನೀವು ನಾಲ್ಕು ಸಲ ಬರೆಸಿದ್ರಲ್ಲ. ಎರಡನೇ ಸಲಕ್ಕೆ ಸ್ವಲ್ಪ ನಿಜ ಇರಬಹುದೇನೋ ಅನ್ನಿಸ್ತು. ನಾಲ್ಕನೇ ಸಲಕ್ಕೆ ಹೌದು ಅನ್ನಿಸ್ತು." ಜಡೆಯನ್ನು ಬೆನ್ನ ಹಿಂದೆ ಎಸೆದು, "ಕರುವಿನ ಮಾತು ನಂಬಲ್ಲ ಮೇಡಂ. ಅದರಲ್ಲಿ ಏನೋ ಮೋಸ ಇದೆ. ನೆರೆಯವರ ಮಾತು ನಂಬ್ತೀನಿ," ಎಂದಳು.

ಕರುವಿನ ಮಾತು ಲೋಯಿಸರದು. ನೆರೆಯವರ ಮಾತು ಹುಡುಗಿಯದೇ.

"ಸರಿ, ಹೋಗು. ಬಸ್ಸು ತಪ್ಪತ್ತೆ," ಎಂದು ಲೋಯಿಸ್ ಬೋರ್ಡು ಒರೆಸತೊಡಗಿದರು. ಆಗಲೇ ಒರೆಸಿದ್ದ ಬೋರ್ಡು.

ಮೂರು ದಿನ ಕೂತು ಹದಿನಾಲ್ಕು ಪುಟ ಬರೆದರು. ಮಠಗಳಿಂದ ಶುರುಮಾಡಿ, ಯುರೋಪೆಲ್ಲ ಕತ್ತಲಾಗಿದ್ದಾಗ ಹಾಳೆ ಹಾಳೆಯಾಗಿ ಹಳೆಯ ವಿದ್ಯೆಯನ್ನು ನಕಲು ಮಾಡಿ ಉಳಿಸಿದವರ ಕತೆ ಬರೆದರು. ಒಂಬತ್ತನೆಯ ಪುಟದಲ್ಲಿ ಅವರ ರಾಮಬಾಣವಿತ್ತು: ಸ್ಪ್ಯಾನಿಷ್ ಹುಟ್ಟಿದ್ದೇ ಲ್ಯಾಟಿನ್ನಿನಿಂದ, ತಾಯಿಯನ್ನು ಬಲ್ಲವರಿಗೆ ಮಗಳ ಪರಿಚಯ ಅರ್ಧ ಆಗಿಯೇ ಇರುತ್ತದೆ, ನೆರೆಯವರನ್ನು ತಲುಪುವ ಹತ್ತಿರದ ದಾರಿಯೂ ಲ್ಯಾಟಿನ್ನೇ. ಬುಧವಾರ ಮರ್ಲನ ಎದುರು ಗಟ್ಟಿಯಾಗಿ ಓದಿದರು. ನಾಲ್ಕನೆಯ ಪುಟಕ್ಕೆ ಅವನ ಗಲ್ಲ ಎದೆಗೆ ತಾಗಿತು.

"ಮರ್ಲ್!"

"ಕೇಳ್ತಾ ಇದೀನಿ. ಸನ್ಯಾಸಿಗಳು."

"ಸನ್ಯಾಸಿಗಳನ್ನ ದಾಟಿ ಮುನ್ನೂರು ವರ್ಷ ಮುಂದೆ ಬಂದಿದೀನಿ!"

"ನಿನ್ನೆಯಿಂದ ಹೊಲದಲ್ಲಿದೀನಿ ಮಾರಾಯ್ತಿ. ನನ್ನ ಕೇಳಿದ್ರೆ ಒಂದೇ ಪುಟ ಓದು."

ಗುರುವಾರ ಸಂಜೆ ಆರಕ್ಕೆ ನೆಲಮಾಳಿಗೆಯಲ್ಲಿ ಕಮಿಟಿ ಸೇರಿತು. ಐದು ಜನ ಸದಸ್ಯರು, ಗೋಡೆಯ ಪಕ್ಕ ಪಾಸ್ಟರ್, ಹಿಂದಿನ ಸಾಲಿನಲ್ಲಿ ಆನಿಕಾ ಮತ್ತು ಅವಳ ಅಪ್ಪ. ಬಿಳಿ ಪೆಪ್ಪರ್‌ಮಿಂಟಿನ ಪೊಟ್ಟಣ ಕೈಯಿಂದ ಕೈಗೆ ದಾಟಿತು. ಇದು ಊರಿನವರು ಉದ್ದದ ಉಪದೇಶಕ್ಕೆ ಸಿದ್ಧವಾಗುವ ರೀತಿ. ಲೋಯಿಸ್ ಅದನ್ನು ನೋಡಿ ಹಲ್ಲು ಕಚ್ಚಿದರು.

ಐದು ಪುಟ ಓದುವಷ್ಟರಲ್ಲಿ ಇಬ್ಬರು ಗಡಿಯಾರ ನೋಡಿದರು. ಲೋಯಿಸ್ ಒಂಬತ್ತಕ್ಕೆ ಹಾರಿದರು. ತಾಯಿ, ಮಗಳು, ಹತ್ತಿರದ ದಾರಿ. ಪೆಪ್ಪರ್‌ಮಿಂಟು ಚೀಪುವುದು ನಿಂತಿತು. ಒಬ್ಬ ಸದಸ್ಯ, "ಇದು ನಮಗೆ ಹೊಳೀಲೇ ಇಲ್ಲ ನೋಡಿ," ಎಂದ. ಇನ್ನೊಬ್ಬಾಕೆ ತಲೆಯಾಡಿಸಿದಳು. ಗೆದ್ದೆ ಎಂದು ಲೋಯಿಸರಿಗೆ ಅನ್ನಿಸಿತು.

ಡ್ವೇನ್ ಕೈ ಎತ್ತಿದ. "ಒಂದು ಪ್ರಶ್ನೆ ಮೇಡಂ. ನಿಮಗೆ ಲ್ಯಾಟಿನ್ ನಲವತ್ತು ವರ್ಷದಿಂದ ಬರತ್ತೆ. ಅಂದ್ರೆ ಅರ್ಧ ಸ್ಪ್ಯಾನಿಷ್ ಬರತ್ತೆ ಅಂತಾಯ್ತು. ಮೇನ್ ಸ್ಟ್ರೀಟಲ್ಲಿ ಯೂಲಾಲಿಯಾ ಬಾರಿಯೆಂಟೋಸ್ ಅವರ ಬೇಕರಿಗೆ ಹೋಗ್ತೀರಲ್ಲ, ಅವರ ಹತ್ರ ಏನ್ ಮಾತಾಡ್ತೀರ?"

ಕುಹಕದಿಂದ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ್ದ. ಅದನ್ನೇ ಲೋಯಿಸರಿಗೆ ತಡೆಯಲಾಗಲಿಲ್ಲ. ಹೈಸ್ಕೂಲಿನ ನಾಲ್ಕು ವರ್ಷದಲ್ಲಿ ಒಂದು ಸಲವೂ ಪ್ರಶ್ನೆ ಕೇಳದವನು, ಈಗ ಸರಿಯಾದ ಪ್ರಶ್ನೆಯನ್ನು ಕೇಳಿದ್ದ.

ಓದಲು, ಅರ್ಥಮಾಡಿಕೊಳ್ಳಲು ಬರುತ್ತದೆ ಎಂದು ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಹೇಗೆ ಜಾರಿಕೊಳ್ಳುವುದು ಎಂಬುದೂ ಅವರೇ ಕಲಿಸುವ ಪಾಠ, ಬೇರೆಯವರು ಜಾರಿದಾಗ ಮಕ್ಕಳು ಹಿಡಿಯಲಿ ಎಂದು. ಹಿಂದಿನ ಸಾಲಿನಲ್ಲಿ ಆನಿಕಾ ಅವರನ್ನೇ ನೋಡುತ್ತಿದ್ದಳು.

"ಬೆರಳು ತೋರಿಸ್ತೀನಿ," ಎಂದರು ಲೋಯಿಸ್.

"ಅಂದ್ರೆ?"

"ಬೆರಳು ಡ್ವೇನ್, ಬೆರಳು! ಬೇಕಾದ ಬ್ರೆಡ್ಡಿನ ಕಡೆ ಬೆರಳು ತೋರಿಸ್ತೀನಿ. ಆಯಮ್ಮ ನಗ್ತಾರೆ, ನಾನು ನಗ್ತೀನಿ. ಹನ್ನೊಂದು ವರ್ಷ ಆಯ್ತು. ಒಂದು ಅಕ್ಷರ ಮಾತಾಡಿಲ್ಲ." ಒಂಬತ್ತನೆಯ ಪುಟವನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಈ ಪುಟ ಬಿಟ್ಬಿಡಿ. ಆ ಹುಡುಗಿ ನೆರೆಯವರ ಬಗ್ಗೆ ಹೇಳಿದ್ದು ಸರಿ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

ಪಾಸ್ಟರ್ ತಲೆ ಎತ್ತಿದರು. ತಲೆಯಾಡಿಸಿದ್ದ ಸದಸ್ಯೆ ಗಲಿಬಿಲಿಯಿಂದ, "ಹಾಗಾದ್ರೆ ಲ್ಯಾಟಿನ್ ತೆಗೆಯೋಣ ಅಂತೀರಾ?" ಎಂದಳು.

ಲೋಯಿಸರ ತಾಳ್ಮೆ ಅಲ್ಲಿಗೆ ಮುಗಿಯಿತು.

"ನೋಡಿದ್ರಾ? ಐದು ನಿಮಿಷದ ಹಿಂದೆ ಇಟ್ಕೊಳ್ಳೋಣ ಅಂತ ತಲೆ ಆಡಿಸಿದ್ರಿ. ಶುಕ್ರವಾರದಿಂದ ತೆಗೆಯೋಣ ಅಂತಿದ್ರಿ. ಯಾರು ಕೊನೇಲಿ ಮಾತಾಡ್ತಾರೋ ಅವರ ಹಿಂದೆ ಹೋಗ್ತೀರಲ್ರೀ! ಹದಿಮೂರು ವರ್ಷದ ಮಗು ಚಿನ್ನದ ಕರು ಅಂದ ತಕ್ಷಣ ಬೆಚ್ಚಿಬಿದ್ರಲ್ಲ, ಒಬ್ರಾದ್ರೂ ಎದ್ದು ಒಂದು ಪ್ರಶ್ನೆ ಕೇಳಿದ್ರಾ? ಕರು ಆಗಿದ್ದು ಚಿನ್ನದ ತಪ್ಪಾ? ಅದೇ ಚಿನ್ನದಲ್ಲಿ ಆಮೇಲೆ ದೇವರ ಗುಡಾರದ ದೀಪಸ್ತಂಭ ಮಾಡ್ಲಿಲ್ವಾ? ದೇವರ ಮಾತು ತರೋಕೆ ಬೆಟ್ಟಕ್ಕೆ ಹೋದವನು ಬರೋದು ತಡ ಆಯ್ತು ಅಂತ ಕಾಯೋಕಾಗ್ದೆ ಕರು ಮಾಡ್ಕೊಂಡ್ರು. ನೀವೂ ಅದೇ ಜನ. ಶುಕ್ರವಾರ ಕೇಳಿದ್ದನ್ನ ಸೋಮವಾರ ಏಳು ಗಂಟೆಗೆ ಜಾರಿಗೆ ತರೋಕೆ ಫೋನ್ ಮಾಡ್ತೀರ, ನನ್ನ ಗಂಜಿ ಸುಟ್ಟುಹೋಗತ್ತೆ!"

ಯಾರೋ ಕಿಸಕ್ಕೆಂದರು.

"ನಗ್ಬೇಡಿ. ಚೆನ್ನಾಗಿ ಹೇಳಿದ ಮಾತು ಬೇರೆ, ನಿಜವಾದ ಮಾತು ಬೇರೆ. ಎರಡನ್ನೂ ಬೇರೆ ಮಾಡಿ ನೋಡೋಕೆ ಹತ್ತು ವರ್ಷ ಬೇಕು. ಲ್ಯಾಟಿನ್ ನಿಧಾನದ ಭಾಷೆ. ಒಂದೊಂದು ವಾಕ್ಯಕ್ಕೂ ಮಗು ನಿಂತು, ಇದು ಯಾರು, ಇದು ಯಾರಿಗೆ, ಇದು ಹೀಗೇ ಯಾಕೆ ಅಂತ ಕೇಳ್ಕೋಬೇಕು. ಸರಸರ ಓದಿಬಿಡೋಕಾಗಲ್ಲ. ಅದಕ್ಕೇ ನಂಗದು ಬೇಕು. ನನ್ನ ಅಪ್ಪ ಕೇಳಿದ್ರು, ಯಾರ ಹತ್ರ ಮಾತಾಡ್ತೀಯ ಅಂತ. ಮಾತಾಡೋಕಲ್ಲ, ನಿಂತು ಕೇಳೋಕೆ. ಆನಿಕಾಗೆ ಅದು ಬಂದಿದೆ. ನನ್ನ ಎದುರೇ ನಿಂತು, ಮೇಡಂ, ನಿಮ್ಮ ಮಾತಲ್ಲಿ ಮೋಸ ಇದೆ ಅಂದ್ಲು. ನಿಮ್ಮಲ್ಲಿ ಒಬ್ಬರಿಗೂ ಗೊತ್ತಾಗ್ಲಿಲ್ಲ." ಉಸಿರು ತೆಗೆದುಕೊಂಡು, "ಇವತ್ತು ಡ್ವೇನಿಗೆ ಮಾತ್ರ ಸ್ವಲ್ಪ ಬಂದಿದೆ. ತಡವಾಗಿ," ಎಂದು ಕೂತರು.

ಅರ್ಧ ಗಂಟೆ ಚರ್ಚೆಯಾಯಿತು. ಲ್ಯಾಟಿನ್ ಇರುತ್ತದೆ, ಆದರೆ ವಾರಕ್ಕೆ ಐದು ದಿನವಲ್ಲ, ಮೂರು. ಉಳಿದ ಎರಡು ದಿನ ಸ್ಪ್ಯಾನಿಷ್. ಬೇಕರಿಯ ಯೂಲಾಲಿಯಾ ಅವರ ಮಗಳು ಕಾಲೇಜು ಮುಗಿಸಿ ಬಂದಿದ್ದಾಳೆ, ಅವಳನ್ನು ಕೇಳುವುದು. ಮೂವರು ಪರ, ಇಬ್ಬರು ವಿರೋಧ. ಆ ಇಬ್ಬರಲ್ಲಿ ಒಬ್ಬನಿಗೆ ಎರಡೂ ಬೇಡವಾಗಿತ್ತು, ಕಂಪ್ಯೂಟರ್ ಬೇಕಿತ್ತು.

"ಒಪ್ಪಿಗೇನಾ ಮೇಡಂ?" ಎಂದ ಡ್ವೇನ್.

"ಮತ ನಿಮ್ಮದು. ನನ್ನ ಯಾಕೆ ಕೇಳ್ತೀಯ?" ಎಂದು ಲೋಯಿಸ್ ಕೋಟು ಹಾಕಿಕೊಂಡರು. ಪಾಸ್ಟರ್ ಬಾಗಿಲವರೆಗೂ ಬಂದು ಏನೋ ಹೇಳಲು ಬಾಯಿ ತೆರೆದರು. "ಏನೂ ಹೇಳ್ಬೇಡಿ," ಎಂದರು ಲೋಯಿಸ್.

ಶುಕ್ರವಾರ ಪಾಠ ಮುಗಿದ ಮೇಲೆ ಲೋಯಿಸ್ ಮುಂದಿನ ಇಡೀ ವರ್ಷದ ಪಾಠಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಐದು ದಿನದ್ದನ್ನು ಮೂರು ದಿನಕ್ಕೆ ಇಳಿಸಬೇಕು. ಮುಕ್ಕಾಲು ಗಂಟೆಯಾದರೂ ಒಂದು ಗೆರೆ ಎಳೆದಿರಲಿಲ್ಲ. ಆನಿಕಾ ಬಾಗಿಲಲ್ಲಿ ನಿಂತಳು.

"ಮೇಡಂ, ಕೋಪ ಇದೆಯಾ?"

"ಇದೆ. ಒಳಗೆ ಬಾ. ಕೂತ್ಕೋ." ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. "ನಿನ್ನ ವಾದ ಗೆದ್ದಿದೆ. ಈಗ ಅದರ ಕೆಲಸ ಮಾಡು. ಯಾವುದನ್ನ ತೆಗೆಯೋದು ಹೇಳು."

ಆನಿಕಾ ಉತ್ಸಾಹದಿಂದ ಶುರುಮಾಡಿದಳು. ಮೊದಲ ಹಾಳೆಯಲ್ಲಿ ರೋಮನ್ ಸೇನಾಪತಿಯ ಯುದ್ಧದ ವರದಿಯ ಪಾಠದ ಮೇಲೆ ಗೆರೆ ಎಳೆದಳು. ಎರಡನೆಯ ಹಾಳೆಯಲ್ಲಿ ಪೆನ್ಸಿಲು ನಿಧಾನವಾಯಿತು. ಮೂರನೆಯ ತರಗತಿಯವರ ಬೆಳಗಿನ ಹಾಡುಗಳ ಹತ್ತಿರ ಬಂದು ನಿಂತೇಬಿಟ್ಟಿತು.

"ಇದನ್ನ ತೆಗೆಯೋಕಾಗಲ್ಲ ಮೇಡಂ."

"ಯಾಕಾಗಲ್ಲ?"

"ಚಿಕ್ಕವರು ಬೇಜಾರ್ ಮಾಡ್ಕೋತಾರೆ. ನಂಗೂ ಬೇಜಾರಾಗತ್ತೆ."

"ಬೇಜಾರು ವಾದ ಅಲ್ಲ. ಕಾರಣ ಹೇಳು."

ಆನಿಕಾ ಯೋಚಿಸಿ ಒಂದು ಕಾರಣ ಹೇಳಿದಳು. ಲೋಯಿಸ್ ಅದು ಸಾಲದು ಎಂದರು. ಇನ್ನೊಂದು ಹೇಳಿದಳು. ಅದು ಪರವಾಗಿಲ್ಲ, ಹಾಗಾದರೆ ಎಂಟನೆಯವರ ಕವಿತೆಗಳನ್ನು ತೆಗೆಯಬೇಕಾಗುತ್ತದೆ ಎಂದರು ಲೋಯಿಸ್.

"ಅದು ನಮ್ಮ ಕ್ಲಾಸಿನದು!"

"ಹೌದು, ನಿಮ್ಮದೇ. ಮುಂದಿನ ವರ್ಷದ ಎಂಟನೆಯವರಿಗೆ ಇರಲ್ಲ. ನಿನ್ನ ತಮ್ಮ ಇದಾನಲ್ಲ ಅದರಲ್ಲಿ?"

"ಮೇಡಂ, ಅದು ಅನ್ಯಾಯ."

"ಅನ್ಯಾಯಾನೋ ಅಲ್ವೋ, ಮೂರು ದಿನ ಅಷ್ಟೆ ಇರೋದು. ಎಳಿ ಗೆರೆ."

"ನೀವೇ ಎಳೀರಿ."

"ನಾನ್ಯಾಕೆ ಎಳೀಲಿ? ನಾನೇನು ಸ್ಪ್ಯಾನಿಷ್ ಬೇಕು ಅಂತ ಕೇಳಿದ್ನಾ?"

"ನಾನು ಹೇಳಿದ್ದು ಸರಿ ಅಂತ ನೀವೇ ಒಪ್ಕೊಂಡ್ರಲ್ಲ!"

"ಒಪ್ಕೊಂಡೆ. ಅದಕ್ಕೇ ಇಬ್ರೂ ಇಲ್ಲಿ ಕೂತಿರೋದು."

ಮಕ್ಕಳ ಬಸ್ಸು ಹೊರಟುಹೋಯಿತು. ಆನಿಕಾ ಕಿಟಕಿಯ ಕಡೆ ನೋಡಿ, ಅಪ್ಪನಿಗೆ ಫೋನ್ ಮಾಡಿ ಬರುತ್ತೇನೆ ಎಂದು ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ ಬಂದು, ತಾನಿಲ್ಲದಾಗ ಮೇಡಂ ಗೆರೆ ಎಳೆದುಬಿಟ್ಟಾರು ಎಂದು ಪೆನ್ಸಿಲನ್ನೂ ಎತ್ತಿಕೊಂಡು ಹೋದಳು.